ಲ್ಯಾವಿಂಗ್ಟನ್ ಗೋಡೆಯ ಮೇಲೆ ಲಗಮವ್ವ

"ನೆಟ್ಟಗೆ ಹಿಡ್ಕೊಳೇ. ಎಮ್ಮೆ ತರ ನಿಂತಿದೀಯಲ್ಲ. ಫ್ರೇಮ್ ಒಡೆದ್ರೆ ನಿನ್ನನ್ನೇ ಮಾರ್ಬೇಕಾಗತ್ತೆ."

ಮೈಥಿಲಿ ಸೋಫಾದಲ್ಲಿ ಕೂತೇ ಗದರಿಸಿದಳು. ಕಾವಲಿನ ಫೆಲಿಕ್ಸ್ ಸ್ಟೂಲ್ ಹತ್ತಿ ಮೊಳೆ ಹೊಡೆಯುತ್ತಿದ್ದ. ಮನೆಗೆಲಸದ ಲಗಮವ್ವ ಕೆಳಗಿನಿಂದ ಚಿತ್ರಗಳನ್ನು ಎತ್ತಿ ಕೊಡುತ್ತಿದ್ದಳು. ಮೈಥಿಲಿಯ ತಮ್ಮ ಯಶವಂತ ಹಿಂದೆ ಅಥಣಿ ಸೀಮೆಯಲ್ಲಿ ಕಬ್ಬು ಕಡಿಯುವವರ ಫೋಟೊ ತೆಗೆದಿದ್ದ. ಅವುಗಳ ಪ್ರದರ್ಶನ ಸಂಜೆ ಲ್ಯಾವಿಂಗ್ಟನ್ ಬಡಾವಣೆಯ ಇದೇ ಮನೆಯಲ್ಲಿ. ನೈರೋಬಿಯ ಕನ್ನಡದವರೆಲ್ಲ ಬರುವವರಿದ್ದರು.

ಕೊನೆಯ ಚಿತ್ರದ ಕಾಗದ ಬಿಚ್ಚಿದ ಲಗಮವ್ವ ಹಾಗೇ ನಿಂತಳು. ಕಬ್ಬಿನ ಒಣ ಎಲೆಯ ರವದಿಯ ಮೇಲೆ ಕೂತ ಹೆಂಗಸು. ಕುಪ್ಪಸ ಮೇಲೆ ಸರಿದಿದೆ, ಎರಡೂ ಮೊಲೆ ಹೊರಗಿವೆ. ಒಂದಕ್ಕೆ ಕೂಸು ಬಾಯಿ ಹಚ್ಚಿದೆ. ಆ ಹೆಂಗಸು ತಾನೇ.

ಅವತ್ತು ಯಾರೋ ಪ್ಯಾಂಟಿನವನು ಕ್ಯಾಮೆರಾ ಹಿಡಿದು ಬದುವಿನ ಮೇಲೆ ನಿಂತಿದ್ದ. "ಏ ಬಾಡ್ಯಾ, ನಿನ್ನ ಹೆಣಾ ಎತ್ಲಿ, ಏನ್ ನೋಡ್ತಿ?" ಎಂದು ಬೈದಿದ್ದಳು. ಅವನು ನಕ್ಕು ಹೋಗಿದ್ದ. ಆ ಸುಗ್ಗಿಯಲ್ಲೇ ಕೂಸಿಗೆ ಜ್ವರ ಬಂತು. ದವಾಖಾನೆಗೆ ಹೋಗುತ್ತೇನೆಂದರೆ ಕೂಲಿಗಳ ಮೇಲಿನ ಮುಕಾದಮ ಗದ್ದೆ ಬಿಡಗೊಡಲಿಲ್ಲ. ಆಮೇಲೆ ಅವಳು ಕಬ್ಬು ಕಡಿಯುವ ಕೊಯ್ತಾ ಮುಟ್ಟಲಿಲ್ಲ. ಸಕ್ಕರೆ ಕಾರ್ಖಾನೆಯ ಮ್ಯಾನೇಜರ್ ಆಗಿದ್ದ, ಮೈಥಿಲಿಯ ಗಂಡ ವಿಶ್ವನಾಥರ ಮನೆಯಲ್ಲಿ ಪಾತ್ರೆ ತಿಕ್ಕಲು ನಿಂತಳು. ಅವರಿಗೆ ನೈರೋಬಿಯಲ್ಲಿ ಕೆಲಸ ಸಿಕ್ಕಾಗ ಅವಳನ್ನೂ ಕರೆತಂದರು. ಆ ಪ್ಯಾಂಟಿನವನೇ ಯಶವಂತ; ಅವನ ಮುಖ ಅವಳಿಗೆ ನೆನಪಿರಲಿಲ್ಲ. ಅವನು ಅಕ್ಕನ ಮನೆಗೆ ಬಂದಾಗಿನಿಂದ ಅವನಿಗೆ ಕಾಫಿ ಕೊಡುತ್ತಿದ್ದವಳು ಅವಳೇ.

"ಅಕ್ಕಾರ, ಇದನ್ನ ಹಾಕಬ್ಯಾಡ್ರಿ. ನಾ ಅದೀನ್ರಿ ಇದರಾಗ."

ಮೈಥಿಲಿ ಚಿತ್ರವನ್ನೂ ಅವಳನ್ನೂ ನೋಡಿದಳು. "ಅದಕ್ಕೇನೀಗ? ಆರ್ಟ್ ಕಣೇ ಅದು. ನೀನಂತ ಯಾರಿಗ್ ಗೊತ್ತಾಗತ್ತೆ?"

"ನನಗ ಗೊತ್ತಾಗ್ತೈತಲ್ರಿ. ಮಂದಿ ಮುಂದ ನನ್ನ ಮೊಲಿ ತೂಗಹಾಕ್ತೀರಲ್ರಿ."

ಒಳಗಿಂದ ಬಂದ ಯಶವಂತನ ಮುಖ ಅರಳಿತು. "ಸೀರಿಯಸ್ಲಿ? ಇದು ನೀವೇನಾ? ಅಕ್ಕಾ, ಸಂಜೆ ಇವ್ರನ್ನ ಫೋಟೊ ಪಕ್ಕದಲ್ಲೇ ನಿಲ್ಲಿಸೋಣ. ಜನ ಫ್ಲಾಟ್ ಆಗ್ತಾರೆ."

"ಸಾಹೇಬ್ರ, ನನ್ನ ಕಡಿಗಿಂದು ಹರದ ಒಗೀರಿ. ಕೂಸಿನ ಮಾರಿ ಅಷ್ಟ ಕತ್ತರಿಸಿ ನನಗ ಕೊಡ್ರಿ. ಅದರ ಫೋಟೊ ಒಂದೂ ಇಲ್ರಿ ನನ್ನ ಹಂತೇಕ."

"ಕತ್ತರಿಸೋದಾ?" ಅವನು ನಕ್ಕ. "ಇಡೀ ಸೀರೀಸ್‌ನಲ್ಲೇ ಇದು ಬೆಸ್ಟ್ ಪಿಕ್ಚರ್."

ಸಂಜೆ ಹಾಲ್ ತುಂಬಿತು. ಲಗಮವ್ವ ಟ್ರೇ ಹಿಡಿದು ಬಂದಾಗ ಯಶವಂತ ಅವಳ ಭುಜ ಹಿಡಿದು ಚಿತ್ರದ ಪಕ್ಕಕ್ಕೆ ನಿಲ್ಲಿಸಿದ. ಜನ ಚಿತ್ರ ನೋಡಿದರು, ಅವಳ ಎದೆ ನೋಡಿದರು, ಮತ್ತೆ ಚಿತ್ರ ನೋಡಿದರು. ಬ್ಯಾಂಕಿನವನೊಬ್ಬ ಗ್ಲಾಸಿನೊಳಗೆ ನಕ್ಕ.

"ಪಾಪು ಈಗ ಎಲ್ಲಿದೆ?" ಎಂದು ಶ್ರದ್ಧಾ ಎಂಬ ಅತಿಥಿ ಕೇಳಿದಳು.

"ಊರಲ್ಲಿ, ಅಜ್ಜಿ ಹತ್ರ. ಸ್ಕೂಲಿಗೆ ಹೋಗ್ತಿದೆ," ಎಂದಳು ಮೈಥಿಲಿ.

"ಸತ್ತೈತ್ರಿ," ಎಂದಳು ಲಗಮವ್ವ. "ಹೊಲದಾಗ ಕುಣಿ ತೋಡಾಕೂ ಜಾಗಾ ಕೊಡ್ಲಿಲ್ಲ. ಹಳ್ಳದ ದಂಡ್ಯಾಗ ಮಣ್ಣ ಮಾಡೀವಿ."

"ಗಾಡ್, ಇಷ್ಟು ಪವರ್‌ಫುಲ್ ಸ್ಟೋರಿ," ಎಂದು ಯಶವಂತ ಮೆಲ್ಲಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಲಗಮವ್ವ ಟ್ರೇ ಕೆಳಗಿಟ್ಟಳು. ಸೆರಗಿನ ಪಿನ್ನು ಕಿತ್ತಳು, ನಿರಿಗೆ ಸಡಿಲಿಸಿದಳು. ಏನು ನಡೆಯುತ್ತಿದೆ ಎಂದು ಜನಕ್ಕೆ ತಿಳಿಯುವಷ್ಟರಲ್ಲಿ ಸೀರೆ ಪೂರ್ತಿ ಅವಳ ಕೈಯಲ್ಲಿತ್ತು. ಅದನ್ನು ಫ್ರೇಮಿನ ಮೇಲೆ ಎಸೆದು, ಹೆಂಗಸನ್ನೂ ಕೂಸನ್ನೂ ಮುಚ್ಚಿದಳು. ಕುಪ್ಪಸ, ಲಂಗದಲ್ಲಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ನೋಡ್ರಿ ಈಗ. ನಾ ಇಲ್ಲಿ ಜೀವಂತ ಅದೀನಿ. ನನ್ನ ಮಾರಿ ನೋಡ್ಕೊಂತ ನೋಡ್ರಿ."

ತಲೆಗಳು ಬಾಗಿದವು. ಮೈಥಿಲಿ ಅವಳ ಕೆನ್ನೆಗೆ ಹೊಡೆದಳು. ಲಗಮವ್ವ ಕದಲಲಿಲ್ಲ.

"ಲೇ ಫೆಲಿಕ್ಸ್," ಎಂದು ಕೂಗಿದ ವಿಶ್ವನಾಥ್, ಆ ಬಟ್ಟೆ ಎಳೆದು ಹಾಕೆಂದು ಇಂಗ್ಲಿಷಿನಲ್ಲಿ ಅಪ್ಪಣೆ ಕೊಟ್ಟರು. ಫೆಲಿಕ್ಸ್ ಬಂದು ಸೀರೆಯ ಅಂಚು ಹಿಡಿದ. ಅವಳ ಕೆನ್ನೆಯ ಮೇಲೆ ಬೆರಳ ಗುರುತು ಮೂಡಿದ್ದುದು ಅವನಿಗೆ ಹತ್ತಿರದಿಂದ ಕಾಣುತ್ತಿತ್ತು.

"ಪುಲ್ ಇಟ್," ಎಂದರು ಸಾಹೇಬರು ಇನ್ನೊಮ್ಮೆ.

ಫೆಲಿಕ್ಸ್ ಎಳೆಯಲಿಲ್ಲ, ಬಿಡಲೂ ಇಲ್ಲ.