ಒಂದೇ ಕಿಡ್ನಿಯ ಗೊಂಬೆ

ನಾನು ಕಟ್ಟಿಗೆಯ ಗೊಂಬೆ. ತಲೆಯಿಂದ ಸೊಂಟದವರೆಗೆ ಮಾತ್ರ ಇದ್ದೇನೆ. ನನಗೆ ಕಾಲು ಮಾಡಿಸುವ ಅಗತ್ಯ ಯಾರಿಗೂ ಕಾಣಲಿಲ್ಲ. ಎದೆಯ ಮೇಲಿನ ಮುಚ್ಚಳ ತೆಗೆದರೆ ಒಳಗಿನ ಅಂಗಗಳು ಒಂದೊಂದಾಗಿ ಹೊರಗೆ ಬರುತ್ತವೆ. ಜೀವಮಾನವಿಡೀ ನಾನು ಮಾಡಿದ ಕೆಲಸ ಇಷ್ಟೇ: ಬಿಚ್ಚಿಸಿಕೊಳ್ಳುವುದು, ಮತ್ತೆ ತುಂಬಿಸಿಕೊಳ್ಳುವುದು. ಈಗ ಸಾಕಾಗಿದೆ. ಆಸ್ಪತ್ರೆಯ ಸಾಮಾನು ಕೋಣೆಯಲ್ಲಿ, ಗಾಲಿ ಮುರಿದ ಸ್ಟ್ರೆಚರಿನ ಪಕ್ಕ ಕುಳಿತು ಇದನ್ನು ಹೇಳುತ್ತಿದ್ದೇನೆ. ನಿಮಗೆ ತಾಳ್ಮೆ ಇದ್ದರೆ ಕೇಳಿ. ಹೇಳುವ ತ್ರಾಣ ನನಗೂ ಅಷ್ಟಾಗಿ ಇಲ್ಲ.

ನಾನು ಹುಟ್ಟಿದ್ದು ಗೋಕಾಕದಲ್ಲಿ, ಫಕೀರಪ್ಪ ಚಿತ್ರಗಾರರ ಮನೆಯ ಪಡಸಾಲೆಯಲ್ಲಿ. ಅವರ ಮನೆತನದವರು ಕಟ್ಟಿಗೆಯಲ್ಲಿ ಹಣ್ಣು-ಕಾಯಿ ಮಾಡುವವರು. ಹಗುರವಾದ ಕಟ್ಟಿಗೆ ಕೆತ್ತಿ, ಹುಣಸೆ ಬೀಜದ ಅಂಟು ಹಚ್ಚಿ, ಬಣ್ಣ ಬಳಿದು ಅವರು ಮಾಡಿಟ್ಟ ಮಾವಿನಹಣ್ಣಿಗೆ ಮನೆಗೆ ಬಂದ ಬೀಗರು ಕೈ ಹಾಕಿ ಪೆಚ್ಚಾಗುತ್ತಿದ್ದರು. ಸುತ್ತಲಿನ ಊರುಗಳ ಗ್ರಾಮದೇವತೆ ದ್ಯಾಮವ್ವನ ಕಟ್ಟಿಗೆ ಮೂರ್ತಿಗಳೂ ಬಣ್ಣಕ್ಕೆ ಅವರಲ್ಲಿಗೇ ಬರುತ್ತಿದ್ದವು. ಅಂಥವರ ಬಳಿ ಒಂದು ದಿನ ಡಾಕ್ಟರ್ ಕುಂದರಗಿ ಎಂಬ ಹಿರಿಯರು ದಪ್ಪ ಪುಸ್ತಕವೊಂದನ್ನು ಬಗಲಲ್ಲಿಟ್ಟುಕೊಂಡು ಬಂದರು. ಪುಸ್ತಕ ಬಿಡಿಸಿ ತೋರಿಸಿ, ಇಂಥದ್ದೊಂದು ಗೊಂಬೆ ಬೇಕು ಎಂದರು.

ಫಕೀರಪ್ಪನವರು ಚಿತ್ರ ನೋಡಿ ಹಿಂದೆ ಸರಿದರು. "ಸಾಹೇಬ್ರ, ನಾ ಬದನಿಕಾಯಿ ಮಾಡಾಂವ. ಮನಿಷ್ಯಾನ ಹೊಟ್ಟ್ಯಾಗ ಏನೈತಿ ಅಂತ ನಾ ಎಂದೂ ನೋಡಿಲ್ಲ."

"ನೀವೂ ನೋಡಿಲ್ಲ, ನನ್ನ ಕಡೆ ಬರೋ ಮಂದೀನೂ ನೋಡಿಲ್ಲ" ಎಂದರು ಡಾಕ್ಟರು. "ನಾ ಹೇಳಿದ್ದಕ್ಕೆಲ್ಲಾ ಗೋಣು ಹಾಕತಾರ. ಹೊರಗ ಹೋಗಿ, ಡಾಕ್ಟರು ಏನಂದ್ರು ಅಂತ ಕಂಪೌಂಡರನ್ನ ಕೇಳತಾರ. ಅದಕ್ಕ ಬಂದೇನಿ."

ಹೀಗೆ ನಾನು ಹುಟ್ಟಿದೆ. ಫಕೀರಪ್ಪನವರು ತಮಗೆ ಗೊತ್ತಿದ್ದ ಬಣ್ಣಗಳನ್ನೇ ನನಗೂ ಹಚ್ಚಿದರು. ನನ್ನ ಯಕೃತ್ತಿಗೆ ಬದನೆಕಾಯಿಯ ಬಣ್ಣ ಬಂತು, ಎರಡು ಕಿಡ್ನಿಗಳಿಗೆ ಅಂಜೂರದ ಬಣ್ಣ. ಕರುಳನ್ನು ಕೆತ್ತುವಾಗ ಮಾತ್ರ ಅವರಿಗೆ ಬೇಸರ ಬಂದಿತ್ತು. "ಎಷ್ಟ್ ಸುತ್ತಸ್ಯಾನಪಾ ದೇವ್ರು" ಎಂದು ಗೊಣಗುತ್ತಿದ್ದರು. ಕೊನೆಗೆ ಕಣ್ಣು ಬರೆದರು. ದ್ಯಾಮವ್ವನಿಗೆ ಬರೆದೂ ಬರೆದೂ ಪಳಗಿದ ಕೈ. ನನ್ನ ಕಣ್ಣೂ ಹಾಗೇ ದೊಡ್ಡದಾಗಿ, ಎದುರಿಗಿದ್ದವರನ್ನು ದಿಟ್ಟಿಸುವಂತೆ ಬಂತು. ಆ ಕಣ್ಣಿನಿಂದ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ.

ಆಸ್ಪತ್ರೆಗೆ ಬಂದ ಮೊದಲ ವಾರವೇ ಯಾರೋ ನನ್ನ ಹಣೆಗೆ ಕುಂಕುಮ ಹಚ್ಚಿದರು. ಡಾಕ್ಟರ್ ಕುಂದರಗಿ ಹೊಟ್ಟೆ ಬಿಚ್ಚಿ ಮೇದೋಜೀರಕ ಗ್ರಂಥಿ ತೋರಿಸುತ್ತಿದ್ದರೆ, ರೋಗಿಗಳು ಕೈ ಮುಗಿದು ನಿಲ್ಲುತ್ತಿದ್ದರು. ಡಾಕ್ಟರು ಒಳ್ಳೆಯವರು, ಆದರೆ ಅವರ ಮಾತು ಪುಸ್ತಕದಿಂದ ಇಳಿದು ಬರುತ್ತಲೇ ಇರಲಿಲ್ಲ. ಮುಂದೆ ಅವರಿಗೆ ವರ್ಗವಾಯಿತು. ಆಮೇಲೆ ಬಂದ ಸಾಹೇಬರು ನನ್ನನ್ನು ಗಾಜಿನ ಕಪಾಟಿನಲ್ಲಿಟ್ಟು 'ಮುಟ್ಟಬಾರದು' ಎಂದು ಬರೆಸಿದರು. ಮೇಲಧಿಕಾರಿಗಳು ಬಂದಾಗ ಮಾತ್ರ ನನ್ನ ಧೂಳು ಒರೆಸುತ್ತಿದ್ದರು. ಜನರಿಗೆ ತಿಳಿಸಲೆಂದು ಹುಟ್ಟಿದವನು ಜನರಿಂದ ಗಾಜಿನಷ್ಟು ದೂರದಲ್ಲಿ ಕುಳಿತೆ. ಆ ವರ್ಷಗಳ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ನನ್ನನ್ನು ಹೊರಗೆ ತಂದವರು ಆರೋಗ್ಯ ಶಿಕ್ಷಣದ ಕೆಲಸಕ್ಕೆ ಬಂದ ಹಂಚಿನಾಳ ಮೇಡಂ. ಗಟ್ಟಿ ಧ್ವನಿ, ಬಿಗಿಯಾಗಿ ಕಟ್ಟಿದ ಜಡೆ. ರೋಗಿಗಳು ಅವರನ್ನು ಶಾಲೆಯ ಮಾಸ್ತರಿಣಿಯೆಂಬಂತೆ ಅಕ್ಕೋರು ಎಂದೇ ಕರೆಯುತ್ತಿದ್ದರು. ಕಪಾಟಿನ ಕೀಲಿ ಕಳೆದಿದೆ ಎಂದಾಗ ಅವರು ಬಡಿಗನನ್ನು ಕರೆಸಿ ಬಾಗಿಲನ್ನೇ ಕಳಚಿಸಿದರು. ಡಯಾಲಿಸಿಸ್ ವಾರ್ಡಿನ ಹೊರಗಿನ ಬೆಂಚಿನ ಮೇಲೆ ನನ್ನನ್ನು ಕೂರಿಸಿದರು.

ಅವರದೊಂದು ರೀತಿ ಇತ್ತು. ಯಾರಿಗೆ ಯಾವ ಅಂಗ ಕೆಟ್ಟಿದೆಯೋ ಆ ಅಂಗವನ್ನು ಅವರ ಕೈಗೇ, ಇಲ್ಲವೆ ಅವರ ಮನೆಯವರ ಕೈಗೇ ಕೊಡುತ್ತಿದ್ದರು. "ಉಡಿಯಾಗ ಇಟ್ಕೊಂಡು ಕೇಳ್ರಿ" ಎನ್ನುತ್ತಿದ್ದರು. ಕುಡಿತದವನು ನನ್ನ ಬದನೆಕಾಯಿ ಬಣ್ಣದ ಯಕೃತ್ತನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿ ಕೂರುತ್ತಿದ್ದ. ದಮ್ಮಿನ ಮುದುಕಿ ಶ್ವಾಸಕೋಶವನ್ನು ಮೊಮ್ಮಗುವಿನಂತೆ ಹಿಡಿಯುತ್ತಿದ್ದಳು. ನನಗೆ ಹಿಂಸೆಯೇ. ಬೆವರಿನ ಕೈ, ಎಣ್ಣೆಯ ಕೈ. ಬಣ್ಣ ಸವೆಯಿತು, ಮೂಲೆಗಳು ಮುಕ್ಕಾದವು. ಆದರೂ ಜನ ಪ್ರಶ್ನೆ ಕೇಳತೊಡಗಿದ್ದರು. ಗಾಜಿನ ಹಿಂದೆ ಕುಳಿತಾಗ ನನ್ನನ್ನು ಒಬ್ಬರೂ ಏನನ್ನೂ ಕೇಳಿರಲಿಲ್ಲ.

ಕಲ್ಲವ್ವ ಬಂದದ್ದು ಆಗ. ಖಾನಾವಳಿಯೊಂದಕ್ಕೆ ಜೋಳದ ರೊಟ್ಟಿ ಬಡಿದು ಬದುಕುವ ಹೆಂಗಸು; ಅಂಗೈ ಹಲಗೆಯಂತೆ ಗಟ್ಟಿ. ಬಟ್ಟೆ ಹೊಲಿಯುತ್ತಿದ್ದ ಅವಳ ಮಗಳು ರೇಖಾಳ ಎರಡೂ ಕಿಡ್ನಿ ಕೆಟ್ಟಿದ್ದವು. ಮಗಳು ಒಳಗೆ ಯಂತ್ರದ ಪಕ್ಕ ಮಲಗಿದ್ದಾಗ ತಾಯಿ ಹೊರಗೆ ನನ್ನೆದುರು ಕೂತಿರುತ್ತಿದ್ದಳು.

ನನ್ನ ಕಿಡ್ನಿ ತೋರಿಸಬೇಕಾದರೆ ನನ್ನನ್ನು ಪೂರಾ ಖಾಲಿ ಮಾಡಬೇಕು. ಯಕೃತ್ತು, ಜಠರ, ಕರುಳು ಎಲ್ಲ ತೆಗೆದ ಮೇಲೆ ಬೆನ್ನಿಗಂಟಿದಂತೆ ಅವೆರಡು ಕಾಣುತ್ತವೆ. ಅಕ್ಕೋರು ಎಡದ್ದನ್ನು ತೆಗೆದು ಕಲ್ಲವ್ವನ ಕೈಗಿಟ್ಟರು.

"ಇಷ್ಟ್ ಹಿಂದ ಇಟ್ಟಾನಲ್ರಿ ದೇವ್ರು" ಎಂದಳು ಕಲ್ಲವ್ವ. "ಹುಡುಗೂರ ಕೈಗೆ ಸಿಗಬಾರದಂತ ಬೆಲ್ಲ ಮುಚ್ಚಿಟ್ಟಂಗ."

"ಹೂಂ. ಚಾ ಸೋಸೂ ಅರಿವಿ ಇರತೈತಲ್ಲ, ಇದರ ಕೆಲಸಾನೂ ಹಂಗ. ರಕ್ತ ಸೋಸತೈತಿ. ರೇಖಾಂದು ಎರಡೂ ಕೆಟ್ಟಾವ. ಈಗ ಮಶೀನು ಸೋಸಾಕತ್ತೈತಿ. ಆದ್ರ ಮಶೀನು ಎಷ್ಟಂತ ಸೋಸೀತು? ಆಕಿ ದಿನಾ ಸೊರಗಾಕತ್ತಾಳ. ತಪಾಸಣಿ ಆಗಿ, ನಿಂದು ಆಕಿಗೆ ಹೊಂದಿದ್ರ, ನೀ ಒಂದು ಕೊಡಬಹುದು ಕಲ್ಲವ್ವಾ. ಆಕಿ ಕೆಟ್ಟ ಕಿಡ್ನಿ ಅಲ್ಲೇ ಇರತಾವ. ಹುಬ್ಬಳ್ಳಿ ದೊಡ್ಡ ದವಾಖಾನ್ಯಾಗ ಹೊಸಾದನ್ನ ಮುಂದ, ಕಿಬ್ಬೊಟ್ಟಿಯಾಗ ಕೂಡಸತಾರ. ನಿನಗ ಉಳದದ್ದು ಒಂದು ಸಾಕು."

ಕಲ್ಲವ್ವ ಕೈಯಲ್ಲಿದ್ದುದನ್ನು ಹೊರಳಿಸಿ ನೋಡಿದಳು. ಆಮೇಲೆ ಕೇಳಿದಳು: "ಒಂದ ಸಾಕಾಗೂದಿತ್ತಂದ್ರ ದೇವ್ರು ಎರಡ ಯಾಕ ಕೊಟ್ನ್ರಿ?"

ಅಕ್ಕೋರು ತಮಗೆ ತಿಳಿದಷ್ಟು ಹೇಳಿದರು. ಅದು ಕಲ್ಲವ್ವನ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಕಿಡ್ನಿ ತೆಗೆಸಿಕೊಂಡವರು ಅರ್ಧ ಆಳಾಗುತ್ತಾರೆ, ಭಾರ ಎತ್ತಲಾರರು, ಒಲೆಯ ಮುಂದೆ ಕೂರಲಾರರು ಎಂದು ಊರಲ್ಲಿ ಕೇಳಿದ್ದಳು. ತಾನು ಒಲೆ ಬಿಟ್ಟೆದ್ದರೆ ಇಬ್ಬರಿಗೂ ಊಟವಿಲ್ಲ. ಅಂಜಿಕೆ ಅವಳ ಕೈಯಲ್ಲಿತ್ತು. ಅದು ನನ್ನ ಕಿಡ್ನಿಯ ಮೂಲಕ ನನಗೂ ತಾಕಿತು. ಅಷ್ಟರಲ್ಲಿ ಒಳಗಿನಿಂದ ನರ್ಸು ಕೂಗಿದರು, ಅಕ್ಕೋರು ಎದ್ದು ಹೋದರು. ಕಲ್ಲವ್ವ ಸುತ್ತ ನೋಡಿ ನನ್ನ ಎಡ ಕಿಡ್ನಿಯನ್ನು ಸೆರಗಿನಲ್ಲಿ ಗಂಟು ಕಟ್ಟಿದಳು. ಉಳಿದದ್ದನ್ನೆಲ್ಲ ನನ್ನೊಳಗೆ ತುಂಬಿ, ಮುಚ್ಚಳ ಹಾಕಿ, ನನ್ನ ಗದ್ದ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ನನಗೆ ಬಾಯಿ ಇದೆ, ಬರೆದ ಬಾಯಿ. ಅದರಿಂದ ಏನೂ ಪ್ರಯೋಜನವಿಲ್ಲ.

ಮುಂದಿನ ಸಲ ಅಕ್ಕೋರು ಹೊಸಬರ ಮುಂದೆ ನನ್ನನ್ನು ಬಿಚ್ಚಿದಾಗ ಎಡಗಡೆ ಬರೀ ಗುಳಿ. ಎಲ್ಲರೂ ಬಗ್ಗಿ ನೋಡಿದರು. ಮೊದಲು ಯಾರೋ ನಕ್ಕರು. ಆಮೇಲೆ ಹಿಂದಿನಿಂದ ಒಬ್ಬ, "ಗೊಂಬಿದೂ ಬಿಡಲಿಲ್ಲಲ್ಲೋ ಇವ್ರು!" ಎಂದ. ನಗೆ ನಿಂತಿತು. ಸಂಜೆಯೊಳಗೆ ಆ ಮಾತು ಬಸ್ ಸ್ಟ್ಯಾಂಡ್ ತಲುಪಿತ್ತು. ಈ ದವಾಖಾನೆಯಲ್ಲಿ ಕಿಡ್ನಿ ಕದಿಯುತ್ತಾರೆ, ತೋರಿಸಲು ಇಟ್ಟ ಗೊಂಬೆಯದ್ದನ್ನೂ ಬಿಟ್ಟಿಲ್ಲ ಎಂದು. ಡಯಾಲಿಸಿಸ್‌ಗೆ ಬರುತ್ತಿದ್ದ ಕೆಲವರು ಬರುವುದನ್ನೇ ನಿಲ್ಲಿಸಿದರು. ಅಕ್ಕೋರು ಮನೆಮನೆಗೆ ಹೋಗಿ ಕರೆದರು. ಮುಖದ ಮೇಲೆ ಬಾಗಿಲು ಮುಚ್ಚಿಸಿಕೊಂಡು ಬಂದು ನನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದರು. ಇಷ್ಟು ವರ್ಷ ಹೇಳಿದ್ದೆಲ್ಲ ಒಂದೇ ಮಾತಿಗೆ ನೀರುಪಾಲಾಯಿತಲ್ಲ ಎಂದು ನನಗೆ ಮೊದಲ ಬಾರಿಗೆ ನಿಜವಾದ ದಣಿವಾಯಿತು.

ಒಂದು ಬೆಳಗ್ಗೆ ಕಲ್ಲವ್ವನ ತಮ್ಮ ಯಮನಪ್ಪ ಬಂದು ವಾರ್ಡಿನ ಬಾಗಿಲಲ್ಲೇ ಗಲಾಟೆ ತೆಗೆದ. ರೇಖಾಳನ್ನು ಕರೆದುಕೊಂಡು ಹೋಗುತ್ತೇನೆ ಎಂದ. ರೇಖಾ ಆಗಲೇ ಊದಿಕೊಂಡಿದ್ದಳು, ನಾಲ್ಕು ಹೆಜ್ಜೆ ಹಾಕಿದರೆ ಏದುಸಿರು. ಮಂದಿ ಸೇರಿದರು.

"ನಡಿ ಅಕ್ಕಾ" ಎಂದ ಯಮನಪ್ಪ. "ಮಗಳನ್ನೂ ಉಳಸೂದಿಲ್ಲ ಇವ್ರು, ನಿನ್ನನ್ನೂ ಉಳಸೂದಿಲ್ಲ. ಕಟಗಿ ಗೊಂಬಿ ಹೊಟ್ಟ್ಯಾಗಿಂದ ಕದ್ದ ಮಂದಿ ಇವ್ರು!"

ಕಲ್ಲವ್ವ ಗೋಡೆಗೆ ಒರಗಿ ನಿಂತಿದ್ದಳು. "ಅವ್ರು ಕದ್ದಿಲ್ಲೋ ಯಮನ್ಯಾ" ಎಂದಳು. "ನಾ ಒಯ್ದೇನಿ."

ಅವಳು ಅಕ್ಕೋರ ಕಡೆ ತಿರುಗಿದಳು.

"ಬೆಳ್ಳಿ ಅಂಗಡಿಗೆ ಹೋಗಿದ್ನಿರಿ ಅಕ್ಕೋರ. ಹರಕಿಗೆ ಕಣ್ಣು ಸಿಗತಾವ, ಕೈ ಸಿಗತಾವ, ಕಾಲು ಸಿಗತಾವ. ಕಿಡ್ನಿ ಸಿಗೂದಿಲ್ಲ. ಅದು ಹೆಂಗಿರತೈತಿ ಅಂತ ಅಕ್ಕಸಾಲಿಗ ನನ್ನನ್ನ ಕೇಳಿದ. ಅದಕ್ಕ ಇದನ್ನ ಒಯ್ದು ದ್ಯಾಮವ್ವನ ಪಾದಕ್ಕಿಟ್ಟೆ. ನನ್ನದರ ಬದ್ಲಿ ಇದನ್ನ ತಗೋ, ನನ್ನ ಮಗಳನ್ನ ಬಿಡು ಅಂತ ಬೇಡಿಕೊಂಡೆ." ಅವಳು ರೇಖಾಳ ಗದ್ದ ಹಿಡಿದೆತ್ತಿದಳು. "ಆಕಿ ತಗೊಳಿಲ್ರಿ. ಇಕಿ ಮಾರಿ ನೋಡ್ರಿ, ಹೆಂಗ ಊದೈತಿ. ನಂದ ತಗೋರಿ."

ಅಕ್ಕೋರು ಬೈಯುತ್ತಾರೆ ಎಂದುಕೊಂಡೆ. ಅವರು ಬಂದು ಕಲ್ಲವ್ವನ ಒರಟು ಕೈಯನ್ನು ಹಿಡಿದುಕೊಂಡರು. ನಂತರ ಎಲ್ಲರಿಗೂ ಕೇಳುವಂತೆ ಹೇಳಿದರು: "ಇದು ಕಟಗಿ ಗೊಂಬಿ. ಇದನ್ನ ನೋಡಿ ಅಂಜಬ್ಯಾಡ್ರಿ, ಇದನ್ನ ನೋಡಿ ಧೈರ್ಯಾನೂ ತಗೋಬ್ಯಾಡ್ರಿ. ಕಲ್ಲವ್ವಾ, ನಿನ್ನ ತಪಾಸಣಿ ಆಗಲಿ. ನಿನಗ ಅಪಾಯ ಐತಿ ಅಂದ್ರ ನಾನ ಬ್ಯಾಡ ಅಂತೀನಿ."

ಯಮನಪ್ಪ ಹೊರಗೆ ಹೋಗಿ ಬೀಡಿ ಹಚ್ಚಿದ. ಹೋಗಿಬಿಟ್ಟನೆಂದುಕೊಂಡೆ. ಸ್ವಲ್ಪ ಹೊತ್ತಿಗೆ ತಿರುಗಿ ಬಂದು, "ಹುಬ್ಬಳ್ಳಿಗೆ ಯಾವಾಗ ಹೋಗಬೇಕ್ರಿ?" ಎಂದು ಕೇಳಿದ.

ತಪಾಸಣೆಗಳು ತಿಂಗಳುಗಟ್ಟಲೆ ನಡೆದವು. ತಾಯಿಯದ್ದು ಮಗಳಿಗೆ ಹೊಂದಿತು. ಹುಬ್ಬಳ್ಳಿಯಲ್ಲಿ ಆಪರೇಶನ್ ಆದ ದಿನ ಅಕ್ಕೋರು ನನ್ನನ್ನು ಬಿಚ್ಚಲೇ ಇಲ್ಲ. ಬೆಂಚಿನ ಮೇಲೆ ಕುಳಿತು ಫೋನನ್ನೇ ನೋಡುತ್ತಿದ್ದರು. ಫೋನು ಬಂದಾಗ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಕೆಟ್ಟ ಸುದ್ದಿಯೆಂದು ನಾನು ಹೆದರಿದೆ. ಹಾಗಲ್ಲ, ಹೊಸ ಕಿಡ್ನಿ ಅಲ್ಲೇ ಕೆಲಸ ಶುರು ಮಾಡಿತ್ತಂತೆ. ಕಲ್ಲವ್ವನಿಂದ ತೆಗೆದದ್ದೂ ಎಡದ್ದೇ. ಹೀಗೆ ಮಗಳಿಗೆ ಮೂರಾದವು, ತಾಯಿಗೆ ಒಂದು, ನನಗೊಂದು, ದ್ಯಾಮವ್ವನಿಗೊಂದು.

ಗುಡಿಯಿಂದ ನನ್ನದನ್ನು ತರಿಸೋಣವೇ ಎಂದು ಯಾರೋ ಕೇಳಿದ್ದರು. ಅಕ್ಕೋರು ಬೇಡವೆಂದರು. ಕೊಟ್ಟದ್ದನ್ನು ದೇವಿಯಿಂದ ಕಸಿದರೆ ಇನ್ನೊಂದು ಗುಲ್ಲು ಹುಟ್ಟುತ್ತದೆ ಎಂದು ಅವರಿಗೆ ಗೊತ್ತಿತ್ತು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಬೇಡವೆಂದೇ ಹೇಳುತ್ತಿದ್ದೆ.

ಆಮೇಲೆ ಅಕ್ಕೋರು ನಿವೃತ್ತರಾದರು. ಕಾಯುವ ಹಜಾರಕ್ಕೆ ದೊಡ್ಡ ಟಿ.ವಿ. ಬಂತು. ಅದರಲ್ಲಿ ಕೋಟು ತೊಟ್ಟವರೊಬ್ಬರು ದಿನವಿಡೀ ಮೂತ್ರಪಿಂಡದ ರಚನೆ ವಿವರಿಸುತ್ತಾರೆ. ಸ್ವಚ್ಛವಾದ ಕನ್ನಡ, ಒಳ್ಳೆಯ ಚಿತ್ರ. ಜನ ಅದರ ಕೆಳಗೆ ಕೂತು ಬುತ್ತಿ ಬಿಚ್ಚುತ್ತಾರೆ. ನನ್ನನ್ನು ಇಲ್ಲಿ ತಂದಿಟ್ಟರು. ಕರುಳಿಗೆ ಗೆದ್ದಲು ಹತ್ತಿದೆ, ಕುಂದರಗಿ ಸಾಹೇಬರು ಅಷ್ಟು ಪ್ರೀತಿಯಿಂದ ಮಾಡಿಸಿದ್ದ ಮೇದೋಜೀರಕ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಎಲ್ಲವನ್ನೂ ತೋರಿಸಿ ಮುಗಿಸಿದೆ, ಇನ್ನು ಯಾರೂ ಬರದಿದ್ದರೆ ಸಾಕು ಎಂದುಕೊಂಡಿದ್ದೆ.

ಮೊನ್ನೆ ಬಾಗಿಲು ತೆರೆಯಿತು. ಕಲ್ಲವ್ವ. ಕೂದಲು ಪೂರ್ತಿ ನರೆತಿದೆ. ವರ್ಷಕ್ಕೊಮ್ಮೆ ತಪಾಸಣೆಗೆ ಬರುತ್ತಾಳಂತೆ. ಅವಳ ಹಿಂದೆ ಇನ್ನೊಬ್ಬ ಹೆಂಗಸು, ಸೆರಗನ್ನು ಬಾಯಿಗೊತ್ತಿಕೊಂಡವಳು. ಅವಳ ಮಗ ಒಳಗೆ ಯಂತ್ರದ ಪಕ್ಕ ಮಲಗಿದ್ದಾನೆ. "ಟೀವ್ಯಾಗ ಹೇಳಿದ್ದು ಒಂದೂ ತಿಳೀಲಿಲ್ಲಬೇ" ಎನ್ನುತ್ತಿದ್ದಳು ಅವಳು. ಕಲ್ಲವ್ವ ನನ್ನ ಮೈಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಮುಚ್ಚಳ ತೆಗೆದು, ಯಕೃತ್ತು, ಜಠರ, ಕರುಳನ್ನು ಸ್ಟ್ರೆಚರಿನ ಮೇಲೆ ಇಟ್ಟಳು. ಉಳಿದ ಒಂದೇ ಕಿಡ್ನಿಯನ್ನು ಆ ಹೆಂಗಸಿನ ಉಡಿಗೆ ಹಾಕಿದಳು.

"ಇದು ರಕ್ತ ಸೋಸತೈತಿ. ಚಾ ಸೋಸೂ ಅರಿವಿ ಇದ್ದಂಗ" ಎಂದಳು.

ಹೆಂಗಸು ನನ್ನೊಳಗಿನ ಗುಳಿಯನ್ನು ನೋಡಿದಳು. "ಇನ್ನೊಂದು?"

"ಅದು ದ್ಯಾಮವ್ವನ ಕಡೆ ಐತಿ. ನನ್ನದು ನನ್ನ ಮಗಳ ಕಡೆ ಐತಿ. ಮುಂಜಾನಿ ಖಾನಾವಳಿಗೆ ರೊಟ್ಟಿ ಬಡದು ಕೊಟ್ಟ ಇಲ್ಲಿಗೆ ಬಂದೇನಿ, ಕೈ ನೋಡು." ಕಲ್ಲವ್ವ ಅಂಗೈ ಚಾಚಿದಳು. ಉಗುರಿನ ಸಂದಿನಲ್ಲಿ ಜೋಳದ ಹಿಟ್ಟು ಇನ್ನೂ ಒಣಗಿ ಅಂಟಿತ್ತು. "ಗೊಂಬಿ ನೋಡಿ ನಂಬಬ್ಯಾಡ. ನನ್ನನ್ನ ನೋಡಿನೂ ಪೂರ್ತಿ ನಂಬಬ್ಯಾಡ. ಡಾಕ್ಟರ ಕಡೆ ತಪಾಸಣಿ ಮಾಡಸ್ಕೊ. ಬರೇ ಅಂಜಿ ಕುಂದರಬ್ಯಾಡ."

ಹೆಂಗಸು ಕಿಡ್ನಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಒಂದ ಸಾಕಾಗೂದಿತ್ತಂದ್ರ ಎರಡ ಯಾಕ ಕೊಟ್ಟಾನಬೇ ದೇವ್ರು?"

ನಾನು ಕಲ್ಲವ್ವನ ಮುಖ ನೋಡಿದೆ. ನನಗೂ ಉತ್ತರ ಬೇಕಾಗಿತ್ತು.

"ಯಾರಿಗ್ಗೊತ್ತವಾ" ಎಂದಳು ಕಲ್ಲವ್ವ. "ನಾನೂ ಇದನ್ನ ಕೇಳಿದ್ನಿ. ಒಂದು ಕೊಟ್ಟ ಮ್ಯಾಲ ಕೇಳೂದು ಬಿಟ್ಟೆ."

ಹೆಂಗಸು ಉಡಿಯಲ್ಲಿದ್ದ ಕಿಡ್ನಿಯನ್ನು ಸ್ಟ್ರೆಚರಿನ ಮೇಲೆ ಇಟ್ಟಳು. ಆಮೇಲೆ ಆ ಹೆಂಗಸು ತಪಾಸಣೆಯ ಕೋಣೆ ಎಲ್ಲಿದೆ ಎಂದು ಕೇಳಿದಳು. ಕಲ್ಲವ್ವ ಅವಳ ಕೈ ಹಿಡಿದು ಕರೆದುಕೊಂಡು ಹೋದಳು. ಅವಸರದಲ್ಲಿ ಅಂಗಗಳನ್ನು ನನ್ನೊಳಗೆ ತುಂಬಲಿಲ್ಲ, ಮುಚ್ಚಳವನ್ನೂ ಹಾಕಲಿಲ್ಲ. ಅಂದಿನಿಂದ ಹೊಟ್ಟೆ ತೆರೆದುಕೊಂಡೇ ಕೂತಿದ್ದೇನೆ. ಇರಲಿ. ಮತ್ತೆ ಯಾರಾದರೂ ತಾಯಿ ಬಂದರೆ ಬಿಚ್ಚುವ ಕೆಲಸವಾದರೂ ತಪ್ಪುತ್ತದೆ.