ಎರಡು ಸಾಕು

ಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಂಡು ಕಾಲು ಗಂಟೆಯಾಗಿತ್ತು. ಮುಂದೆ ಇಬ್ಬರು, ಹಿಂದೆ ಇಬ್ಬರು, ಗೋಡೆಯ ಸುಣ್ಣವೆಲ್ಲ ಅವರ ಕರಿ ಕೋಟಿನ ಮೇಲೆ. ಬೆಳಿಗ್ಗೆ ಖಾಲಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿಕೊಂಡೇ ಹತ್ತಿಸಿದ್ದರು, ಆಗ ಯಾರಿಗೂ ಏನೂ ಅನ್ನಿಸಿರಲಿಲ್ಲ. ಈಗ ಅದರೊಳಗೆ ಮನುಷ್ಯನಿದ್ದ. ಹೊರುವವರ ಮೇಸ್ತ್ರಿ ಬೆವರು ಒರೆಸಿಕೊಂಡು, ಒಂದು ನಿಮಿಷ ನೆಟ್ಟಗೆ ನಿಲ್ಲಿಸಿ ತಿರುಗಿಸಿಬಿಡುತ್ತೇವೆ, ಒಳಗಿರುವವರಿಗೆ ಏನೂ ಗೊತ್ತಾಗುವುದಿಲ್ಲ ಅಂದ. ಅಂದ ಮೇಲೆ ನಾಲಗೆ ಕಚ್ಚಿಕೊಂಡ.

"ಬೇಡ," ಅಂದಳು ಸತ್ತವನ ಹೆಂಡತಿ, ಮೇಲಿನ ಬಾಗಿಲಲ್ಲಿ ನಿಂತು. "ಹನ್ನೆರಡು ವರ್ಷ ಆ ಮನುಷ್ಯ ನಿಲ್ಲೋಕಾಗದೆ ಕುರ್ಚೀಲಿ ಕೂತಿದ್ದು. ಈಗ ನಿಲ್ಲಿಸೋದೇನೂ ಬೇಡ."

ಈ ಮಾತು ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದ ಬುಡದಣ್ಣನ ಎದೆಗೆ ನೇರ ಬಂದು ನಾಟಿತು. ಅವನಿಗೆ ಆ ಹೆಸರು ಬಂದದ್ದು ಕೆಲಸದಿಂದ. ಮೂವತ್ತು ವರ್ಷ ಅವನು ಮರದ ಬುಡದಲ್ಲಿ ನಿಂತು ಹಗ್ಗ ಹಿಡಿದವನು. ಪೆಟ್ಟಿಗೆಯಲ್ಲಿ ಮಲಗಿದ್ದವನು ಅದರಲ್ಲಿ ಮೊದಲ ಇಪ್ಪತ್ತೊಂದು ವರ್ಷ ಅದೇ ಮರಗಳ ತುದಿಯಲ್ಲಿ ನೇತಾಡಿಕೊಂಡು ಕೊಂಬೆ ಕೊಯ್ದವನು, ಹಾಗಾಗಿ ತುದಿಯಣ್ಣ. ಮನೆ ಮೇಲೆ ವಾಲಿದ ಮರ, ತಂತಿಗೆ ತಾಗುವ ಮರ, ಶಾಲೆಯ ಅಂಗಳದ ಒಣಗಿದ ಮರ, ಯಾವುದೇ ಇರಲಿ, ಜನ ಇಬ್ಬರನ್ನೂ ಒಟ್ಟಿಗೇ ಕರೆಯುತ್ತಿದ್ದರು.

ಬುಡದಣ್ಣ ಇವತ್ತು ಒಂದು ಮಾತು ಹೇಳಲೇಬೇಕೆಂದು ಗಟ್ಟಿಮನಸ್ಸು ಮಾಡಿ ಬಂದಿದ್ದ. ಹನ್ನೆರಡು ವರ್ಷ ಗಂಟಲಲ್ಲೇ ಉಳಿದುಹೋದ ಮಾತು. ತುದಿಯಣ್ಣ ಮಣ್ಣಿಗೆ ಹೋಗುವ ಮುಂಚೆ ಅದನ್ನು ಅವನ ಹೆಂಡತಿಗಾದರೂ ಮಗಳಿಗಾದರೂ ಹೇಳದಿದ್ದರೆ, ಆಮೇಲೆ ಹೇಳಿದರೂ ಒಂದೇ ಬಿಟ್ಟರೂ ಒಂದೇ. ಬೆಳಿಗ್ಗೆಯಿಂದ ಮೂರು ಸಲ ಬಾಯಿ ತೆರೆದಿದ್ದ. ಮೂರು ಸಲವೂ ಯಾರೋ ಕಾಫಿ ಲೋಟ ಕೈಗಿಟ್ಟಿದ್ದರು.

ಮಗಳು ಮೆಟ್ಟಿಲ ಕಟ್ಟೆಯ ಮೇಲಿಂದ ಬಗ್ಗಿ, ಪೆಟ್ಟಿಗೆಯನ್ನೊಮ್ಮೆ ತಿರುವನ್ನೊಮ್ಮೆ ಕಣ್ಣಲ್ಲೇ ಅಳೆದಳು. ಅವಳೂ ಮರ ಹತ್ತುವವಳೇ. ಅಪ್ಪ ಕುರ್ಚಿ ಹಿಡಿದ ವರ್ಷವೇ ಅವನ ಹಗ್ಗಗಳನ್ನು ಹೆಗಲಿಗೇರಿಸಿಕೊಂಡವಳು.

"ವಾಪಸ್ ಮೇಲೆ ತಗೊಳ್ಳಿ," ಅಂದಳು. "ಬಾಲ್ಕನಿಯಿಂದ ಇಳಿಸೋಣ. ಹಗ್ಗ ಗಾಡೀಲೇ ಇದೆ." ಆಮೇಲೆ ಕೆಳಗೆ ನೋಡಿದಳು. "ಬುಡಕ್ಕೆ ನೀವೇ ನಿಲ್ಲಬೇಕು ಚಿಕ್ಕಪ್ಪ."

ಹಗ್ಗ ಮುಟ್ಟಿ ಮೂರು ವರ್ಷವಾಯಿತಮ್ಮ, ಕೈಯಲ್ಲಿ ಶಕ್ತಿ ಇಲ್ಲ ಎಂದು ಅವನು ಗೊಣಗಿದ. ಅಪ್ಪನ ಭಾರ ಬೇರೆಯವರ ಕೈಗೆ ಕೊಡುವುದಿಲ್ಲ ಅಂದುಬಿಟ್ಟಳು ಅವಳು. ಅವನು ಗಾಡಿಯಿಂದ ಹಗ್ಗ ತರಲು ಹೋದ.

* * *

ಕೊಂಬೆ ಇಳಿಸುವ ಕೆಲಸದಲ್ಲಿ ಎಲ್ಲಾ ನಿಂತಿರುವುದು ಸುತ್ತಿನ ಮೇಲೆ. ಮೇಲೆ ಕವಲಿಗೆ ಒಂದು ರಾಟೆ ಕಟ್ಟಿ, ಅದರ ಮೂಲಕ ಹಗ್ಗ ಹಾಯಿಸಿ, ಒಂದು ತುದಿಯನ್ನು ಕೊಯ್ಯುವ ಕೊಂಬೆಗೆ ಬಿಗಿಯುತ್ತಾರೆ. ಇನ್ನೊಂದು ತುದಿ ಕೆಳಗೆ ಬುಡದವನ ಕೈಗೆ. ಅವನು ಅದನ್ನು ಕಾಂಡಕ್ಕೆ ಸುತ್ತುತ್ತಾನೆ. ತೊಗಟೆ ಹಗ್ಗವನ್ನು ಕಚ್ಚಿ ಹಿಡಿಯುತ್ತದೆ, ಆನೆಯಂಥ ಕೊಂಬೆಯೂ ಆಗ ಒಬ್ಬನ ಕೈಮಾತು ಕೇಳುತ್ತದೆ. ಸುತ್ತು ಹೆಚ್ಚಾದರೆ ಹಗ್ಗ ಓಡುವುದಿಲ್ಲ, ಕಮ್ಮಿಯಾದರೆ ನಿಲ್ಲುವುದಿಲ್ಲ. ಎಷ್ಟು ಎಂದು ಹೇಳುವವನು ಮೇಲಿನವನು, ಯಾಕೆಂದರೆ ಕೊಂಬೆಯ ಭಾರ ಗೊತ್ತಿರುವುದು ಅವನಿಗೆ. ಕೆಳಗಿನವನು ಅದೇ ಅಂಕಿಯನ್ನು ತಿರುಗಿ ಕೂಗಿ ಹೇಳಬೇಕು. ಅದು ಕಿವಿಗೆ ಬೀಳದೆ ತುದಿಯಣ್ಣ ಗರಗಸ ಮುಟ್ಟಿದವನಲ್ಲ.

ಆ ದಿನ ಮಟಮಟ ಮಧ್ಯಾಹ್ನ. ಕಾರು ನಿಲ್ಲಿಸುವ ಜಾಗದ ಪಕ್ಕದ ದೊಡ್ಡ ಮರ, ಕಡೆಯ ಕೊಂಬೆ. ಬುಡದಣ್ಣನಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು, ಭುಜ ನೋಯುತ್ತಿತ್ತು. ಮೂರು ಸುತ್ತು ಹಾಕಿದರೆ ಗೇಣು ಗೇಣಿಗೂ ಹಗ್ಗವನ್ನು ಕೈಯಿಂದ ನೂಕಿಕೊಡಬೇಕು, ಅರ್ಧ ಗಂಟೆಯ ಕೆಲಸ.

"ಮೂರು," ಎಂದು ಮೇಲಿನಿಂದ ಕೂಗು ಬಂತು.

"ಮೂರು," ಅಂದ ಬುಡದಣ್ಣ. ಅಂದು, ಎರಡು ಹಾಕಿದ.

ಮೈಗಳ್ಳತನ, ಅಷ್ಟೇ. ಅದಕ್ಕೆ ಬೇರೆ ಹೆಸರು ಅವನು ಹನ್ನೆರಡು ವರ್ಷ ಹುಡುಕಿದರೂ ಸಿಕ್ಕಲಿಲ್ಲ. ಕೊಂಬೆ ಕಳಚಿದ್ದೇ ತಡ, ಹಗ್ಗ ಅವನ ಕೈಗವಸನ್ನು ಸುಟ್ಟುಕೊಂಡು ಓಡಿತು. ಓಡಿದ ಹಗ್ಗ ನಡುವೆ ಸಿಕ್ಕಿ ಗಕ್ಕನೆ ನಿಂತಾಗ, ಕೊಂಬೆ ತೂಗಿ ವಾಪಸ್ ಬಂದು ತುದಿಯಣ್ಣನನ್ನು ಸೊಂಟದ ಮೇಲೆ ಕಾಂಡಕ್ಕೆ ಒತ್ತಿತು. ಆ ಸದ್ದು ಬುಡದಣ್ಣನ ಕಿವಿಯಿಂದ ಹೋಗಲೇ ಇಲ್ಲ.

ಆಸ್ಪತ್ರೆಯಲ್ಲಿ ವಿಚಾರಣೆಯವರು ಬಂದಾಗ ಅವನು ಮಂಚದ ಕಾಲಬಳಿ ನಿಂತಿದ್ದ. ತುದಿಯಣ್ಣ ಸೂರು ನೋಡುತ್ತಾ, ನನ್ನದೇ ತಪ್ಪು, ಎರಡು ಸಾಕು ಎಂದು ನಾನೇ ಹೇಳಿದೆ ಎಂದು ಬರೆಸಿದ. ಅವರು ಹೋದ ಮೇಲೆ ಬುಡದಣ್ಣ ಬಾಯಿ ತೆರೆಯಲು ಹೋದರೆ ಕೈಯೆತ್ತಿ ತಡೆದ.

"ಮೇಲಿಂದ ಎಲ್ಲಾ ಕಾಣುತ್ತೆ ಕಣೋ," ಅಂದ. "ಕೊಂಬೆ ಕಳಚಿದ ಮೇಲೆ ನೋಡಿದೆ, ಎರಡೇ ಇತ್ತು. ನನ್ನ ಕಾಲು ಹೇಗೂ ಹೋಯ್ತು. ನಿನ್ನ ಕೈಗೆ ಯಾರೂ ಹಗ್ಗ ಕೊಡದ ಹಾಗೆ ಆಗೋದು ಬೇಡ. ಇನ್ನು ಈ ಮಾತು ಎತ್ತಬೇಡ."

ಬುಡದಣ್ಣ ಎತ್ತಲಿಲ್ಲ. ಆವತ್ತೇ ಸಂಜೆ ಮಗಳು ಬಂದು ಅಳುತ್ತಾ, ಲೆಕ್ಕ ಬರದವರು ಮರ ಯಾಕಪ್ಪಾ ಹತ್ತಬೇಕಿತ್ತು ಎಂದು ಬೈದಾಗಲೂ ಎತ್ತಲಿಲ್ಲ. ತುದಿಯಣ್ಣ ಹೂಂ ಹೂಂ ಎಂದು ತಲೆಯಾಡಿಸಿದ್ದ, ಪಾಠ ಒಪ್ಪಿಸಲಾಗದ ಮಗುವಿನ ಹಾಗೆ. ಮುಂದೆ ಆ ಮಗಳು ಕೆಲಸಕ್ಕೆ ಬಂದ ಹೊಸಬರಿಗೆಲ್ಲ, ನಮ್ಮಪ್ಪನ ಹಾಗೆ ಎರಡು ಸಾಕು ಅನ್ನಬೇಡಿ ಎಂದು ಹೇಳಿಕೊಡುವಾಗಲೂ ಇವನು ಪಕ್ಕದಲ್ಲೇ ನಿಂತು ಕೇಳಿದ. ಅವಳ ಕೈಕೆಳಗೆ ಒಂಬತ್ತು ವರ್ಷ ಹಗ್ಗ ಹಿಡಿದ, ಒಂದು ಸಲವೂ ಮೂರಕ್ಕಿಂತ ಕಮ್ಮಿ ಹಾಕಲಿಲ್ಲ. ನಮ್ಮ ಚಿಕ್ಕಪ್ಪ ಕಾಗೆ ಗೂಡು ಇಳಿಸೋಕೂ ಮೂರು ಸುತ್ತು ಹಾಕ್ತಾರೆ ಎಂದು ಅವಳು ನಗುತ್ತಿದ್ದಳು. ಕೆಲಸ ಬಿಟ್ಟ ಮೇಲೆ ಅವನು ಬೀದಿಯಲ್ಲಿ ಬಿಸಿಲಲ್ಲೇ ನಡೆಯುತ್ತಿದ್ದ. ಮರದಡಿ ಕಾಲಿಟ್ಟರೆ ಸಾಕು, ಎಲೆಗಳ ನಡುವಿನಿಂದ "ಮೂರು" ಎಂಬ ಕೂಗು ಕೇಳುತ್ತಿತ್ತು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಉತ್ತರಕ್ಕೆ ಕಾಯುತ್ತಿತ್ತು.

* * *

ಬಾಲ್ಕನಿಗೆ ತಾಗಿದ ಹಾಗೆ ಒಂದು ಹಳೆಯ ಅತ್ತಿ ಮರವಿತ್ತು. ತುದಿಯಣ್ಣ ಕುರ್ಚಿಯಲ್ಲಿ ಕೂತು ಹನ್ನೆರಡು ವರ್ಷ ನೋಡಿದ್ದು ಇದನ್ನೇ. ಮಗಳು ಶೋಕದ ಬಟ್ಟೆಯ ಮೇಲೇ ಸೊಂಟಪಟ್ಟಿ ಬಿಗಿದುಕೊಂಡಳು. ಮರಳು ತುಂಬಿದ ಪುಟ್ಟ ಚೀಲಕ್ಕೆ ಸಣ್ಣ ದಾರ ಕಟ್ಟಿ ಬೀಸಿ ಎಸೆದಳು. ಮೊದಲ ಸಲ ತಪ್ಪಿತು, ಎರಡನೆಯ ಸಲ ಕವಲು ದಾಟಿ ಆಚೆ ಬಿತ್ತು. ದಾರದ ಹಿಂದೆ ದಪ್ಪ ಹಗ್ಗ ಏರಿತು. ಅದಕ್ಕೆ ಕಿರುಹಗ್ಗವೊಂದನ್ನು ಬಳಸಿ ಬಳಸಿ ಗಂಟು ಹಾಕಿದಳು. ಕೈಯಿಂದ ನೂಕಿದರೆ ಜಾರುವ, ಮೈಭಾರ ಬಿಟ್ಟರೆ ಕಚ್ಚಿಕೊಳ್ಳುವ ಗಂಟು. ನೆಲದಿಂದ ಗೇಣೆತ್ತರದಲ್ಲಿ ನೇತಾಡಿ ಎರಡು ಸಲ ಕುಕ್ಕಿ ನೋಡಿದಳು. ಅದು ಅವಳಪ್ಪನ ಅಭ್ಯಾಸ. ಬುಡದಣ್ಣ ಕಣ್ಣು ಬೇರೆ ಕಡೆ ತಿರುಗಿಸಿದ.

ಅವಳು ಏರಿ, ಬಾಲ್ಕನಿಯ ಮೇಲೆ ಚಾಚಿದ ಕೊಂಬೆಗೆ ರಾಟೆ ಕಟ್ಟಿ, ಹಗ್ಗ ಹಾಯಿಸಿದಳು. ಹೊರುವವರು ಪೆಟ್ಟಿಗೆಗೆ ಪಟ್ಟಿ ಬಿಗಿದು, ಹಗ್ಗದ ತುದಿಯನ್ನು ಅದಕ್ಕೆ ಕಟ್ಟಿ, ಬಾಲ್ಕನಿಯ ಕಂಬಿಯ ಮೇಲಿಟ್ಟರು. ಬೀದಿಯಲ್ಲಿ ನಿಂತ ಬಂಧುಗಳು, ಅಕ್ಕಪಕ್ಕದವರು ಕತ್ತೆತ್ತಿ ನೋಡುತ್ತಿದ್ದರು.

"ಮೂರು," ಅಂದಳು ಮಗಳು ಮೇಲಿನಿಂದ.

"ಮೂರು," ಅಂದ ಬುಡದಣ್ಣ. ಅಂದು, ಮೂರು ಹಾಕಿದ. ಒಂದೊಂದನ್ನೂ ಬೆರಳಿಟ್ಟು ಎಣಿಸಿದ.

ಪೆಟ್ಟಿಗೆಯನ್ನು ಆಚೆ ನೂಕಿದರು. ಹಗ್ಗ ಕಿರ್ರೆಂದಿತು, ಪೆಟ್ಟಿಗೆ ಬಾಲ್ಕನಿಯ ಮುಂದೆ ಗಾಳಿಯಲ್ಲಿ ನಿಂತಿತು. ನಿಂತದ್ದು ಅಲ್ಲೇ ಉಳಿಯಿತು.

ಬಿಡಿ ಚಿಕ್ಕಪ್ಪ ಎಂದಳು ಅವಳು. ಬಿಟ್ಟೇ ಇದ್ದೀನಮ್ಮ ಎಂದ ಇವನು. ಸುಳ್ಳಲ್ಲ, ಹಗ್ಗ ಅವನ ಕೈಯಲ್ಲಿ ಸಡಿಲವಾಗೇ ಇತ್ತು. ನೂಕಿಕೊಟ್ಟರೆ ಬೆರಳಗಲ ಇಳಿದು ಮತ್ತೆ ನಿಲ್ಲುತ್ತಿತ್ತು. ಹಿಂದೊಮ್ಮೆ ಎರಡು ಆಳಿನ ತೂಕವಿದ್ದ ಮನುಷ್ಯ ಅದರೊಳಗಿದ್ದ. ಆ ಕುರ್ಚಿ ಅವನನ್ನು ಎಷ್ಟು ತಿಂದುಹಾಕಿತ್ತು ಎಂದು ಬುಡದಣ್ಣನಿಗೆ ಕೈಯಲ್ಲಿ ಗೊತ್ತಾಯಿತು.

"ಹೀಗಾದ್ರೆ ಸಂಜೆವರೆಗೂ ಇಳಿಯಲ್ಲ," ಅಂದಳು ಮಗಳು. "ಒಂದು ಬಿಚ್ಚಿ ಚಿಕ್ಕಪ್ಪ. ಎರಡು ಸಾಕು."

ಹನ್ನೆರಡು ವರ್ಷ ಊರೆಲ್ಲ ಆಡಿಕೊಂಡ ಮಾತು. ಮರದ ಮೇಲಿಂದ ಬಂತೆಂದು ಕಾಗದದಲ್ಲಿ ಬರೆದ, ಯಾವತ್ತೂ ಬಂದೇ ಇರದಿದ್ದ ಮಾತು. ಈಗ ಬಂತು, ಅದೇ ಮನೆಯವಳ ಬಾಯಿಂದ, ಅಪ್ಪನ ಹಾಗೇ ಕೊನೆಯಲ್ಲಿ ಸ್ವಲ್ಪ ಎಳೆದ ದನಿಯಲ್ಲಿ. ಬುಡದಣ್ಣ ಮೂರನೆಯ ಸುತ್ತನ್ನು ಬಿಚ್ಚಲಿಲ್ಲ.

"ಕೇಳಿಸ್ತಾ ಚಿಕ್ಕಪ್ಪ?"

"ಅವನು ಹಾಗಂದಿರ್ಲಿಲ್ಲ ಕಣಮ್ಮ," ಅಂದ. ದನಿ ಸಣ್ಣಗೆ ಹೊರಟಿತು. ಮೇಲಕ್ಕೆ ಕೇಳಿಸಲಿ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ, ಬೀದಿಗೆಲ್ಲ ಕೇಳಿಸಿತು. "ನಿಮ್ಮಪ್ಪ ಎರಡು ಅಂದಿರ್ಲಿಲ್ಲ. ಮೂರು ಅಂದ. ನಾನೂ ಮೂರು ಅಂದೆ. ಅಂದು ಎರಡೇ ಹಾಕಿದೆ. ಅವನ ಲೆಕ್ಕ ಯಾವತ್ತೂ ತಪ್ಪಿರ್ಲಿಲ್ಲ."

ಬಾಲ್ಕನಿಯಲ್ಲಿದ್ದ ತುದಿಯಣ್ಣನ ಹೆಂಡತಿಯ ಮುಖ ನೋಡುವ ಧೈರ್ಯ ಅವನಿಗೆ ಬರಲಿಲ್ಲ. ಪೆಟ್ಟಿಗೆ ಗಾಳಿಗೆ ಸ್ವಲ್ಪ ಆಚೆ, ಸ್ವಲ್ಪ ಈಚೆ ತಿರುಗಿತು. ಮೇಲೆ ಮಗಳು ಸೊಂಟಪಟ್ಟಿಯ ಮೇಲೆ ಜೋತುಬಿದ್ದು ಹಣೆಯನ್ನು ಕೊಂಬೆಗೆ ಒತ್ತಿಕೊಂಡಿದ್ದಳು.

"ಮತ್ತೆ ನಾನು ಅಪ್ಪಂಗೆ..." ಅಂದಳು. ಅಷ್ಟಕ್ಕೇ ನಿಂತಿತು.

ಬುಡದಣ್ಣ ಕಾದ. ಬೈದರೆ ಬೈಸಿಕೊಳ್ಳುವುದು, ಹಗ್ಗ ಬೇರೆಯವರಿಗೆ ಕೊಡಿ ಎಂದರೆ ಕೊಟ್ಟು ನಡೆಯುವುದು. ಆಮೇಲೆ ಅವಳು ಮೂಗೊರೆಸಿಕೊಂಡು ಕೆಳಗೆ ನೋಡಿದಳು.

"ಚಿಕ್ಕಪ್ಪ," ಅಂದಳು. "ಎರಡು ಸಾಕು."

ಅದು ಕ್ಷಮೆಯೋ ಸಿಟ್ಟೋ ಅವನಿಗೆ ತಿಳಿಯಲಿಲ್ಲ. ಅದು ಕೆಲಸದ ದನಿ. ಕೆಲಸದ ದನಿಗೆ ಉತ್ತರ ಕೊಡಲೇಬೇಕು, ಕೊಟ್ಟ ಉತ್ತರದಂತೆ ಮಾಡಲೇಬೇಕು.

"ಎರಡು," ಅಂದ.

ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಸಡಿಲ ಬಿಡದೆ, ಸುತ್ತಿದ ದಿಕ್ಕಿಗೆ ಎದುರಾಗಿ ಮರದ ಸುತ್ತ ನಡೆಯತೊಡಗಿದ. ಕಾಂಡದ ಹಿಂದೆ ಹೋದಾಗ ಅವನಿಗೆ ಪೆಟ್ಟಿಗೆ ಕಾಣಲಿಲ್ಲ, ಮಗಳು ಕಾಣಲಿಲ್ಲ, ಕೈಯಲ್ಲಿ ಭಾರ ಮಾತ್ರ ಇತ್ತು. ಆಚೆಯಿಂದ ಹೊರಬಂದಾಗ ಹಗ್ಗ ಮೆಲ್ಲಗೆ ಅಂಗೈಯಲ್ಲಿ ಜಾರತೊಡಗಿತು, ಬೆಚ್ಚಗೆ, ಗೇಣು ಗೇಣಾಗಿ. ಪೆಟ್ಟಿಗೆ ಇಳಿಯುತ್ತಿತ್ತು. ಅವನ ಕಣ್ಣೆದುರು ಕಾಂಡದ ಮೇಲೆ ಎರಡು ಸುತ್ತು ಇದ್ದವು. ಮೂರನೆಯದು ಇದ್ದ ಕಡೆ ತೊಗಟೆ ನಜ್ಜಿ ಒಂದು ಗೆರೆ ಬಿದ್ದಿತ್ತು, ಅದರುದ್ದಕ್ಕೂ ಅತ್ತಿಯ ಬಿಳಿ ಹಾಲು ಹನಿಹನಿಯಾಗಿ ಒಸರುತ್ತಿತ್ತು.