ಇಳಿಜಾರಿನ ಅಳತೆ

ಕಲಘಟಗಿಯ ಗಾಡಿ ರಿಪೇರಿಯ ಸಾಧಿಕ್ ಆರು ತಿಂಗಳು ಒಂದೇ ಗಾಡಿಗೆ ಅಂಟಿಕೊಂಡಿದ್ದ. ಗಾಡಿ ಬಮ್ಮಿಗಟ್ಟಿಯ ರೈತ ಮಡಿವಾಳೆಪ್ಪನದು. ರಾಶಿ ಮಾಡುವ ಯಂತ್ರಕ್ಕೆ ಸಿಕ್ಕು ಅವನ ಬಲಗಾಲು ಮೊಣಕಾಲಿನ ಕೆಳಗೆ ಹೋಗಿ ನಾಲ್ಕು ವರ್ಷವಾಗಿತ್ತು. ಕೃತಕ ಕಾಲು ಹಾಕಿಕೊಂಡು ಹೊಲವೆಲ್ಲ ತಿರುಗುತ್ತಿದ್ದ. ಆದರೆ ಬಲಗಾಲಿನಿಂದಲೇ ಗೇರು ಹಾಕಬೇಕಾದ ಹಳೆಯ ಮೋಟರ್‌ಸೈಕಲ್ಲು ತುಕ್ಕು ಹಿಡಿದು ನಿಂತಿತ್ತು.

ಸಾಧಿಕ್ ಅದನ್ನು ಪೂರ್ತಿ ಬಿಚ್ಚಿದ. ತಗಡು ಬಡಿದು ಹೊಸ ಟ್ಯಾಂಕು ಮಾಡಿದ. ಸೀಟು ತಗ್ಗಿಸಿದ. ಗೇರನ್ನು ಕಾಲಿನಿಂದ ಕೈಗೆ ತಂದ: ಟ್ಯಾಂಕಿನ ಬಲಕ್ಕೆ ಉಕ್ಕಿನ ಸರಳು, ಅದರ ತುದಿಗೆ ತಾನೇ ಕಡೆದ ಹಿತ್ತಾಳೆ ಗುಂಡು.

ಮೊದಲ ಸವಾರಿಯ ದಿನ ಮಡಿವಾಳೆಪ್ಪ ಕರಾರು ಹಾಕಿದ. "ಹಿಂದ ಕುಂದ್ರಲೇ. ಆದ್ರ ನನ್ನ ಕೈಗೆ ಕೈ ಹಚ್ಚಬ್ಯಾಡ. ಬಿದ್ರ ಇಬ್ಬರೂ ಕೂಡೇ ಬೀಳೂಣು."

"ಆತ್ರಿ ಕಾಕಾ," ಎಂದ ಸಾಧಿಕ್. ಕಿಕ್ ಹೊಡೆದು ಹಿಂದೆ ಕುಳಿತ.

ಸಮ ದಾರಿಯಲ್ಲಿ ಗಾಡಿ ಬೆಣ್ಣೆಯಂತೆ ಓಡಿತು. ಬಮ್ಮಿಗಟ್ಟಿ ದಾರಿಯ ಇಳಿಜಾರು ಶುರುವಾದಾಗ ಗಾಡಿ ಮೂರನೇ ಗೇರಿನಲ್ಲಿತ್ತು. ಅಷ್ಟರಲ್ಲಿ ಬಾಜೂ ಹೊಲದಿಂದ ಕುರಿ ಹಿಂಡೊಂದು ರಸ್ತೆಗೆ ಇಳಿಯಿತು.

ಮಡಿವಾಳೆಪ್ಪ ಕ್ಲಚ್ ಹಿಡಿದು ಸರಳಿಗೆ ಕೈ ಹಾಕಿದ. ಸರಳು ಕದಲಲಿಲ್ಲ.

"ಬರವಲ್ದೋ!"

ಎಡಗಾಲು ಬ್ರೇಕು ಒತ್ತಿತು. ಹಿಂದಿನ ಗಾಲಿ ಖಡಿ ಕಲ್ಲಿನ ಮೇಲೆ ಜಾರಿ ಗಾಡಿ ಹಾವಿನಂತೆ ಹೊರಳಿತು. ಸಾಧಿಕ್‌ನ ಕೈ ತಾನಾಗಿಯೇ ಮುಂದಕ್ಕೆ ಚಾಚಿತು. ಹೆಗಲ ಮೇಲಿಂದ ಬಗ್ಗಿ ನೋಡಿದ. ಇಳುಕಲಿಗೆ ಮಡಿವಾಳೆಪ್ಪನ ಮೈ ಮುಂದೆ ಜಾರಿ, ಮೊಣಕಾಲು ಸರಳಿಗೆ ಅಡ್ಡ ನಿಂತಿತ್ತು. ಅಳತೆ ತೆಗೆದದ್ದು ಅಂಗಡಿಯ ಸಮ ನೆಲದ ಮೇಲೆ. ಈಗ ಹಿಂದಿನಿಂದ ತೂಕ ಹಾಕಿ ಅವನನ್ನು ಮುಂದೆ ದಬ್ಬುತ್ತಿದ್ದವನೂ ತಾನೇ.

ಚಾಚಿದ ಕೈಯನ್ನು ಹಿಂದೆಳೆದು ಸೀಟಿನ ಹಿಂದಿನ ಕ್ಯಾರಿಯರ್ ಹಿಡಿದ. ಜಗ್ಗಿಕೊಂಡು ಅದರ ಮೇಲೆಯೇ ಸರಿದು ಕುಳಿತ.

"ಕಾಕಾ, ಹಿಂದ ಸರೀರಿ! ನನ್ನ ಎದಿಗೆ ಒರಗ್ರಿ!"

ಮಡಿವಾಳೆಪ್ಪ ಒರಗಿದ. ಮೊಣಕಾಲು ಬಿಡಿಸಿಕೊಂಡಿತು, ಸರಳು ಖಟ್ ಎಂದು ಎರಡನೇ ಗೇರಿಗೆ ಬಿತ್ತು. ಎಂಜಿನ್ನು ಗುರುಗುಟ್ಟಿ ಓಟವನ್ನು ತಗ್ಗಿಸಿತು, ಬ್ರೇಕು ಹಿಡಿದು ಗಾಡಿ ನಿಂತಿತು. ಮುಂದಿನ ಗಾಲಿಗೂ ಒಂದು ಟಗರಿನ ಹೊಟ್ಟೆಗೂ ನಡುವೆ ಮೊಳ ಜಾಗವಿತ್ತು. ಕುರುಬ ಬಾಯಿಗೆ ಬಂದಂತೆ ಬೈದ.

ಹಿಂಡು ದಾಟಿದ ಮೇಲೆ ಸಾಧಿಕ್ ಇಳಿದ. "ತಪ್ಪು ನಂದರಿ. ಇವತ್ತ ಗಾಡಿ ಕೊಡೂದಿಲ್ಲ."

"ಕೊಡಬ್ಯಾಡ," ಎಂದ ಮಡಿವಾಳೆಪ್ಪ. ಆದರೆ ಇಳಿಯಲಿಲ್ಲ. "ಅಳತಿ ಇಲ್ಲೇ ತಗೋ. ನಾ ಹಿಂಗ ಕುಂತಿರ್ತೀನಿ."

ಆ ಇಳಿಜಾರಿನಲ್ಲೇ ಸಾಧಿಕ್ ಮಂಡಿಯೂರಿ ಮೊಣಕಾಲಿನ ಸುತ್ತ ತಂತಿ ಬಗ್ಗಿಸಿ ಅಳತೆ ತೆಗೆದ. ಮರುದಿನ ಸರಳನ್ನು ಕೆಂಪಗೆ ಕಾಯಿಸಿ ಎರಡು ಬೆರಳು ಹೊರಕ್ಕೆ ಬಾಗಿಸಿದ.

ಮೂರನೆಯ ದಿನ ಮಡಿವಾಳೆಪ್ಪ ಒಬ್ಬನೇ ಅದೇ ದಾರಿ ಇಳಿದ. ಸಾಧಿಕ್ ಇಳಿಜಾರಿನ ಮೇಲ್ತುದಿಯಲ್ಲಿ ಎಂಜಿನ್ನಿಗೆ ಕಿವಿಗೊಟ್ಟು ನಿಂತ. ಗಾಡಿ ತಿರುವಿನಲ್ಲಿ ಮರೆಯಾಯಿತು. ಸದ್ದು ಒಮ್ಮೆ ಕಡಿಮೆಯಾಯಿತು, ಆಮೇಲೆ ಎರಡನೇ ಗೇರಿನ ದಪ್ಪ ದನಿ ಏರಿ ಬಂತು. ಅವನು ಅಲ್ಲೇ ಕಲ್ಲಿನ ಮೇಲೆ ಕುಳಿತು ಮುಖ ಒರೆಸಿಕೊಂಡ.